ಟೆಲಿವಿಷನ್‌ನಲ್ಲಿ ಬರುವ ನೆನಪಿನ ಮದ್ದು

ಸದಸ್ಯ ಬಾಂಧವರು ಈ ಪುಟದಲ್ಲಿ ಸಾಮಾನ್ಯವಾಗಿ ನಿರೀಕ್ಷಿಸುವುದು ಧಾರಣೆಯ ಏರಿಳಿತ, ಕೊಳೆರೋಗ, ಆಳುಗಳ ಅಭಾವ, ಇಂಥ ವಿಷಯಗಳನ್ನು. ಈ ಬಾರಿ ಅವನ್ನೆಲ್ಲ ಬದಿಗಿಟ್ಟು ಮನೆಯೊಳಗಿನ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ತೋಟಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಕಳೆದ ಕಾಫಿ ಕೊಯ್ಲು ಮುಗಿದ ಮೇಲೆ ರಫ್ತಿನ ಒಂದು ಕೆಲಸಕ್ಕಾಗಿ ಪಣಂಬೂರಿಗೆ ಹೋಗಬೇಕಾಯಿತು. ಬಂದರಿನ ಕೆಲಸ ಒಂದೇ ದಿನದಲ್ಲಿ ಮುಗಿಯುವುದುಂಟೇ! ರಾತ್ರಿ ಅಲ್ಲಿಯೇ ಇರುವ ನಮ್ಮ ಅಕ್ಕನ ಮನೆಯಲ್ಲಿ ಉಳಿದೆವು. ಭಾವನವರು ಬಂದರಿನಲ್ಲಿ ಸರಕು ಲೆಕ್ಕ ಹಿಡಿಯುವ ಕೆಲಸದಲ್ಲಿದ್ದು ನಿವೃತ್ತರಾದವರು. 1975ರಲ್ಲಿ ಉದ್ಘಾಟನೆಯಾದ ಆ ಬಂದರಿನ ಆರಂಭದ ವರ್ಷಗಳಿಂದ, ಕುದುರೆಮುಖದ ಅದಿರು ತುಂಬಿಕೊಂಡು ಹೋಗುತ್ತಿದ್ದ ಕಾಲದ ವರೆಗೆ, ಯಾವ ಹಡಗು ಯಾವ ಮಳೆಗಾಲಕ್ಕೆ ಮೊದಲು ಬಂತು, ಎಷ್ಟು ಟನ್ನು ಒಯ್ದಿತು ಎಂಬುದನ್ನು ಪುಸ್ತಕ ನೋಡದೆ ಹೇಳುತ್ತಿದ್ದರು. ಅಂಥವರು ಆ ಸಂಜೆ ನಮ್ಮನ್ನು "ಚಾಲಿಗೆ ಈಗ ಎಷ್ಟುಂಟು?" ಎಂದು ಕೇಳಿದರು. ಹೇಳಿದೆವು. ಕಾಫಿ ಕುಡಿದು ಲೋಟ ಕೆಳಗಿಡುವಾಗ ಇನ್ನೊಮ್ಮೆ ಕೇಳಿದರು. ಊಟದ ಎಲೆಯ ಮುಂದೆ ಮೂರನೆಯ ಸಲ. ನಾವು ಮೂರು ಸಲವೂ ಹೊಸತಾಗಿ ಕೇಳಿದಂತೆಯೇ ಉತ್ತರ ಕೊಟ್ಟೆವು. ಅಕ್ಕ ತಲೆ ಎತ್ತಲಿಲ್ಲ.

ಊಟವಾದ ಮೇಲೆ ಆಕೆ ಗೋಡೆಯ ಕಪಾಟು ತೆರೆದು ತೋರಿಸಿದಳು. ಹಸಿರು ಚೀಟಿಯ ಶೀಶೆಗಳು ಎಂಟು. ಏಳು ಖಾಲಿ, ಒಂದು ಅರ್ಧ. "ಟಿ.ವಿ.ಯಲ್ಲಿ ದಿನಾ ಬರ್ತದಲ್ಲ ತಮ್ಮಾ, ಅದೇ. ತಿಂಗಳಿಗೊಂದು. ಮೂರು ತಿಂಗಳಲ್ಲಿ ಗುಣ ಕಾಣ್ತದೆ ಅಂದಿದ್ರು. ಎಂಟಾಯಿತು." ಎಂದಳು. ಹೇಳುತ್ತಿರುವಾಗಲೇ ಕೋಣೆಯ ಟೆಲಿವಿಷನ್‌ನಲ್ಲಿ ಅದೇ ಜಾಹೀರಾತು ಬಂತು. ಬಿಳಿ ಕೋಟು ತೊಟ್ಟ ಒಬ್ಬರು, ಮಿದುಳಿನ ಒಂದು ಚಿತ್ರ, ಅದರೊಳಗೆ ಮಿಂಚಿದಂತೆ ಬೆಳಕು. ಮೊಮ್ಮಗಳ ಹೆಸರು ಮರೆತಿದ್ದ ಅಜ್ಜ ಒಮ್ಮೆಗೇ ಹೆಸರು ಹಿಡಿದು ಕರೆಯುತ್ತಾರೆ, ಮನೆಮಂದಿ ಚಪ್ಪಾಳೆ ತಟ್ಟುತ್ತಾರೆ. ಕೆಳಗಡೆ ಇರುವೆ ಸಾಲಿನಂತೆ ಏನೋ ಅಕ್ಷರಗಳು ಓಡಿ ಹೋದವು. ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ಭಾವ ಅದನ್ನು ನೋಡಿ ನಕ್ಕರು. ಆ ನಗು ನಮಗೆ ಸಹಿಸಲಿಲ್ಲ.

ಮರುದಿನ ಬೆಳಿಗ್ಗೆ ಶೀಶೆಯ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದೆವು. ಹದಿನಾರು ಪದಾರ್ಥಗಳ ಹೆಸರು. ಬ್ರಾಹ್ಮಿ, ಅಶ್ವಗಂಧ, ಗಿಂಕೋ ಎಂಬ ಚೀನಾದ ಮರದ ಎಲೆಯ ಸತ್ವ, ಕೆಲವು ಜೀವಸತ್ವಗಳು. ಗಿಡಮೂಲಿಕೆಗಳೆಲ್ಲ ಸೇರಿ ಇಷ್ಟು ಮಿಲಿಗ್ರಾಂ ಎಂದು ಒಂದು ಒಟ್ಟು ಲೆಕ್ಕ. ಯಾವುದು ಎಷ್ಟು ಎಂಬುದಿಲ್ಲ. ಮೂಲೆಯಲ್ಲಿ 'ಔಷಧವಾಗಿ ಬಳಸತಕ್ಕದ್ದಲ್ಲ' ಎಂಬರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ. ಟೆಲಿವಿಷನ್‌ನಲ್ಲಿ ಬಿಳಿ ಕೋಟಿನವರು ಮಾರುವ ವಸ್ತು ಚೀಟಿಯಲ್ಲಿ ತಾನು ಮದ್ದೇ ಅಲ್ಲ, ತಿನ್ನುವ ಪದಾರ್ಥ ಎಂದು ಒಪ್ಪಿಕೊಂಡಿತ್ತು.

ಅಕ್ಕನ ಮನೆಯಿಂದ ಕೂಗಳತೆಯ ದೂರದಲ್ಲಿ 1976ರಿಂದ ಯೂರಿಯಾ ತಯಾರಿಸುತ್ತ ಬಂದ ಗೊಬ್ಬರದ ಕಾರ್ಖಾನೆ ಇದೆ. ನಮ್ಮಲ್ಲಿ ಆ ಚೀಲ ಹೊರದ ಬೆಳೆಗಾರರು ಕಡಿಮೆ. ಚೀಲದ ಮೇಲೆ ಸಾರಜನಕ ಶೇಕಡಾ 46, ತೂಕ 45 ಕಿಲೋ ಎಂದು ದಪ್ಪಕ್ಷರದಲ್ಲಿ ಮುದ್ರಿಸಿರುತ್ತದೆ. ಮುದ್ರಿಸದಿದ್ದರೆ 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯಂತೆ ಅಪರಾಧ. 'ಹಲವು ಪೋಷಕಗಳು ಸೇರಿ 45 ಕಿಲೋ' ಎಂದು ಬರೆದ ಚೀಲವನ್ನು ಯಾರಾದರೂ ತಂದಿಳಿಸಿದರೆ ನಾವು ಅಂಗಳಕ್ಕೆ ಸೇರಿಸುತ್ತಿದ್ದೆವೇ? ಬುಡಕ್ಕೆ ಹಾಕುವ ಗೊಬ್ಬರಕ್ಕೆ ಕೇಳುವ ಪ್ರಶ್ನೆಯನ್ನು ಬಾಯಿಗೆ ಹಾಕುವ ಗುಳಿಗೆಗೆ ಕೇಳುವುದಿಲ್ಲ.

ಆ ಪಟ್ಟಿಯಲ್ಲಿ ಮೊದಲನೆಯದಾದ ಬ್ರಾಹ್ಮಿಯ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ಅದು ನಮ್ಮ ತೋಟದ ಕಣಿಯ ಬದಿಯಲ್ಲೇ ಬೆಳೆಯುವಂಥದು. ನಮ್ಮ ಕಡೆ ಬ್ರಾಹ್ಮಿ ಎಂದರೆ ಒಂದೆಲಗ, ತುಳುವಿನಲ್ಲಿ ತಿಮರೆ. ಉತ್ತರದವರು ಹಾಗೂ ಹೆಚ್ಚಿನ ಔಷಧ ಗ್ರಂಥಗಳು ಬ್ರಾಹ್ಮಿ ಎನ್ನುವುದು ನೀರುಬ್ರಾಹ್ಮಿಯನ್ನು, ಅದು ಬೇರೆಯೇ ಕುಟುಂಬದ ಗಿಡ. ಹೆಸರೊಂದು, ಗಿಡವೆರಡು. ಚೀಟಿಯಲ್ಲಿ ಬರೀ 'ಬ್ರಾಹ್ಮಿ' ಎಂದರೆ ಯಾವುದೆಂದು ಹೇಗೆ ತಿಳಿಯಬೇಕು? ತಿಮರೆಯ ಚಟ್ನಿಯನ್ನೂ ತಂಬುಳಿಯನ್ನೂ ನಾವು ಬಿಡತಕ್ಕವರಲ್ಲ. ಅನ್ನಕ್ಕೆ ಅದಕ್ಕಿಂತ ಒಳ್ಳೆಯ ಜೊತೆ ಬೇಸಗೆಯಲ್ಲಿ ಇನ್ನೊಂದಿಲ್ಲ. ಅದಕ್ಕೆ ತಿಂಗಳಿಗೆ 1,400 ರೂಪಾಯಿ ಕೊಡಬೇಕಾಗಿಲ್ಲ ಎಂಬುದಷ್ಟೇ ನಮ್ಮ ಮಾತು.

ನೀರುಬ್ರಾಹ್ಮಿಯ ಮೇಲೆ ಪ್ರಯೋಗಗಳೇ ನಡೆದಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ 40ರಿಂದ 65 ವರ್ಷದ 76 ಮಂದಿ ಇದ್ದರು. ಕೆಲವರಿಗೆ ನೀರುಬ್ರಾಹ್ಮಿಯ ಸತ್ವ, ಉಳಿದವರಿಗೆ ನೋಡಲು ಹಾಗೆಯೇ ಇರುವ ಸತ್ವವಿಲ್ಲದ ಗುಳಿಗೆ. ಮೂರು ತಿಂಗಳ ಬಳಿಕ, ಹೊಸತಾಗಿ ಕಲಿತದ್ದನ್ನು ಮರೆಯುವ ವೇಗ ಸತ್ವ ತೆಗೆದುಕೊಂಡವರಲ್ಲಿ ಸ್ವಲ್ಪ ಕಡಿಮೆಯಾಗಿತ್ತು. ಅಳೆದ ಉಳಿದ ಶಕ್ತಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವರೆಲ್ಲ ಆರೋಗ್ಯವಂತರು. ಮರೆವಿನ ಕಾಯಿಲೆ ಹಿಡಿದ ಅಜ್ಜ ಮೊಮ್ಮಗಳ ಹೆಸರು ಹಿಡಿದು ಕರೆಯುವುದಕ್ಕೂ ಇದಕ್ಕೂ ಬಹಳ ದೂರ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯೂ ಈ ಗಿಡದ ಮೇಲೆ ಕೆಲಸ ಮಾಡಿದೆ. ಅದರ ಆಧಾರದ ಮೇಲೆ 1990ರ ದಶಕದಲ್ಲಿ 'ಮೆಮೊರಿ ಪ್ಲಸ್' ಎಂಬ ಗುಳಿಗೆ ಪೇಟೆಗೆ ಬಂದದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಚದುರಂಗದ ವಿಶ್ವನಾಥನ್ ಆನಂದ್ ಅದರ ಜಾಹೀರಾತಿನಲ್ಲಿದ್ದರು. ಆನಂದ್ ಅವರ ನೆನಪಿನ ಶಕ್ತಿಯ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಗುಳಿಗೆ ಹುಟ್ಟುವ ಮೊದಲೇ, 1988ರಲ್ಲಿ, ಅವರು ಗ್ರ್ಯಾಂಡ್‌ಮಾಸ್ಟರ್ ಆಗಿದ್ದರಲ್ಲವೇ!

ಪಟ್ಟಿಯಲ್ಲಿದ್ದ ಗಿಂಕೋವಿನ ಕಥೆ ಇನ್ನೂ ಸ್ಪಷ್ಟ. ಅಮೇರಿಕದಲ್ಲಿ 75 ವರ್ಷ ದಾಟಿದ 3,069 ಮಂದಿಯನ್ನು ಹಲವು ವರ್ಷ ಗಮನಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಎರಡು ಸಲ 120 ಮಿಲಿಗ್ರಾಂ ತೆಗೆದುಕೊಂಡವರಿಗೂ ಸತ್ವವಿಲ್ಲದ ಗುಳಿಗೆ ನುಂಗಿದವರಿಗೂ ಮರೆವಿನ ಕಾಯಿಲೆ ಬರುವುದರಲ್ಲಿ ಏನೂ ಕಡಿಮೆಯಾಗಲಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಗಿಂಕೋ ಸೇವಿಸುವ ಮೊದಲು ವೈದ್ಯರನ್ನು ಕೇಳಬೇಕೆಂಬ ಎಚ್ಚರಿಕೆ ಬೇರೆ ಇದೆ. ಭಾವ ಹೃದಯಕ್ಕಾಗಿ ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು. ಟೆಲಿವಿಷನ್ ಅದನ್ನು ಕೇಳಲಿಲ್ಲ, ಅಂಗಡಿಯವನೂ ಕೇಳಲಿಲ್ಲ.

ಮದ್ದು ಫಲಕಾರಿ ಹೌದೋ ಅಲ್ಲವೋ ಎಂದು ನೋಡುವ ಕ್ರಮ ನಮಗೆ ಹೊಸತಲ್ಲ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮದ್ದು ಬಿಡುವುದನ್ನು ನಮ್ಮ ಹಿರಿಯರು ಕಲಿತದ್ದು ಹೇಗೆ? ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ಸುಮಾರು 1910ರ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣವನ್ನು ತೋರಿಸಿಕೊಟ್ಟರು. ಮದ್ದು ಬಿಟ್ಟ ಮರದಲ್ಲಿ ಕಾಯಿ ನಿಲ್ಲುತ್ತದೆ, ಬಿಡದ ಮರದ ಬುಡದಲ್ಲಿ ಉದುರಿ ಕೊಳೆಯುತ್ತದೆ; ಯಾರ ಮಾತನ್ನೂ ನಂಬಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಅಳತೆಯೂ ಇದೆ. ಮೈಲುತುತ್ತು ಹೆಚ್ಚಾಗಿದೆಯೇ ಎಂದು ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಕೆಂಪಾದರೆ ಇನ್ನಷ್ಟು ಸುಣ್ಣ. ಮದ್ದು ಬಿಡದ ಮರ ಒಂದಿರಬೇಕು, ಅಳತೆ ಇರಬೇಕು, ಕತ್ತಿ ಅದ್ದಿ ನೋಡಬೇಕು. ಇಷ್ಟು ಬಲ್ಲ ನಮಗೆ ವಿಜ್ಞಾನದ ಪದವಿ ಬೇಕಿಲ್ಲ.

ಅಮೇರಿಕದಲ್ಲಿ 'ಪ್ರೆವಾಜೆನ್' ಎಂಬ ಗುಳಿಗೆ ಟೆಲಿವಿಷನ್ ಜಾಹೀರಾತಿನಿಂದಲೇ ಮನೆಮಾತಾಯಿತು. ಜೆಲ್ಲಿಫಿಶ್ ಎಂಬ ಲೋಳೆಯಂಥ ಕಡಲ ಜೀವಿಯಲ್ಲಿ ಮೊದಲು ಕಂಡುಬಂದ ಒಂದು ಪ್ರೋಟೀನು ಅದರ ಸರಕು. ಕಂಪೆನಿ ತಾನೇ 218 ಮಂದಿಯ ಮೇಲೆ 90 ದಿನ ಪ್ರಯೋಗ ನಡೆಸಿತ್ತು. ಅಲ್ಲಿಯ ವ್ಯಾಪಾರ ಆಯೋಗವೂ ನ್ಯೂಯಾರ್ಕ್ ರಾಜ್ಯದ ಮಹಾ ನ್ಯಾಯವಾದಿಯವರೂ 2017ರಲ್ಲಿ ಮೊಕದ್ದಮೆ ಹೂಡಿ ಹೇಳಿದ್ದೇನೆಂದರೆ, ಒಟ್ಟಾರೆ ಫಲಿತಾಂಶದಲ್ಲಿ ಗುಳಿಗೆಗೂ ಸತ್ವವಿಲ್ಲದ ಗುಳಿಗೆಗೂ ವ್ಯತ್ಯಾಸವಿರಲಿಲ್ಲ. ಆಮೇಲೆ ಅದೇ ಅಂಕಿಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಕತ್ತರಿಸಿ ಮೂವತ್ತಕ್ಕೂ ಹೆಚ್ಚು ಬಗೆಯಲ್ಲಿ ಲೆಕ್ಕ ಹಾಕಿ, ಅನುಕೂಲವಾದದ್ದನ್ನು ಮಾತ್ರ ಜಾಹೀರಾತಿಗೆ ಹಾಕಿದರು. ಐನೂರು ಮರಗಳಿಗೆ ಮದ್ದು ಬಿಟ್ಟು, ಐನೂರೂ ಕೊಳೆತ ಮೇಲೆ, ಮೂಲೆಯಲ್ಲಿ ಹೇಗೋ ಉಳಿದ ನಾಲ್ಕು ಗೊನೆಗಳ ಫೋಟೋ ತೆಗೆದು ತೋರಿಸಿದ ಹಾಗೆ. 2024ರಲ್ಲಿ ತೀರ್ಪು ಬಂದು, ಆ ಡಿಸೆಂಬರಿನಲ್ಲಿ ನ್ಯಾಯಾಲಯವು ಈ ಗುಳಿಗೆ ನೆನಪನ್ನು ಉತ್ತಮಪಡಿಸುತ್ತದೆಂದು ಇನ್ನು ಹೇಳಕೂಡದೆಂದು ಆಜ್ಞೆ ಮಾಡಿತು. ಮೊಕದ್ದಮೆ ನಡೆದ ಏಳು ವರ್ಷವೂ ಜನ ಕೊಂಡುಕೊಂಡರು.

ಇನ್ನು ನಿಜವಾದ ಔಷಧದ ಸ್ಥಿತಿ ಏನು? ಮರೆವಿನ ಕಾಯಿಲೆಗಳಲ್ಲಿ ಹೆಚ್ಚು ಕಂಡುಬರುವ ಆಲ್ಜೈಮರ್ ರೋಗಕ್ಕೆ 2023ರಲ್ಲಿ ಅಮೇರಿಕದಲ್ಲಿ ಲೆಕಾನೆಮ್ಯಾಬ್ ಎಂಬ ಹೊಸ ಔಷಧಕ್ಕೆ ಮಂಜೂರಾತಿ ಸಿಕ್ಕಿತು. 1,795 ರೋಗಿಗಳ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ, 18 ಅಂಕಗಳ ಒಂದು ಅಳತೆಗೋಲಿನಲ್ಲಿ, ಔಷಧ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ 0.45 ಅಂಕ. ಅಂದರೆ ರೋಗ ಗುಣವಾಗಲಿಲ್ಲ, ಇಳಿಯುವ ವೇಗ ಸ್ವಲ್ಪ ತಗ್ಗಿತು. ಕೆಲವರಿಗೆ ಮಿದುಳಿನಲ್ಲಿ ಬಾವು, ರಕ್ತಸ್ರಾವವೂ ಆಯಿತು. ಜಗತ್ತಿನ ದೊಡ್ಡ ಪ್ರಯೋಗಾಲಯಗಳು ದಶಕಗಟ್ಟಲೆ ದುಡಿದು ಇಲ್ಲಿಗೆ ಮುಟ್ಟಿರುವಾಗ, ಹಸಿರು ಚೀಟಿಯ ಶೀಶೆ ಮೂರು ತಿಂಗಳಲ್ಲಿ ಗುಣ ಮಾಡುತ್ತದೆಂಬ ಮಾತನ್ನು ಎಷ್ಟು ನಂಬಬೇಕೆಂದು ಸದಸ್ಯರೇ ತೂಗಿ ನೋಡಲಿ.

ಕಾಯಿದೆ ಇಲ್ಲವೇ ಎಂದು ಕೇಳಬಹುದು. ಬೇಕಾದಷ್ಟಿದೆ. ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ 1954ರಷ್ಟು ಹಳೆಯದು. ಮೊದಲ ತಪ್ಪಿಗೆ ಆರು ತಿಂಗಳ ವರೆಗೆ ಸೆರೆಮನೆ. ಔಷಧ ನಿಯಮಗಳಿಗೆ 'ಜೆ' ಎಂಬ ಒಂದು ಅನುಸೂಚಿ ಇದೆ. ಯಾವ ಔಷಧವೂ ತಾನು ಗುಣಪಡಿಸುತ್ತೇನೆಂದು ಹೇಳಿಕೊಳ್ಳಬಾರದಾದ 51 ಸಂಗತಿಗಳ ಪಟ್ಟಿ ಅದು. ಕ್ಯಾನ್ಸರ್, ಮಧುಮೇಹ, ಪಾರ್ಶ್ವವಾಯು, ಬೊಕ್ಕತಲೆಗಳ ಸಾಲಿನಲ್ಲಿ 'ಮಿದುಳಿನ ಸಾಮರ್ಥ್ಯದ ವೃದ್ಧಿ ಮತ್ತು ನೆನಪಿನ ಶಕ್ತಿಯ ಸುಧಾರಣೆ' ಎಂಬುದೂ ಸ್ಪಷ್ಟವಾಗಿ ಇದೆ. ಓದಿ ನಮಗೇ ಆಶ್ಚರ್ಯವಾಯಿತು. ದಿನಕ್ಕೆ ಹತ್ತು ಸಲ ಬರುವ ಜಾಹೀರಾತಿನ ಮಾತನ್ನು ಔಷಧವೊಂದು ಆಡಿದ್ದರೆ ಅದು ನಿಯಮಬಾಹಿರ. ಆದ್ದರಿಂದಲೇ ಶೀಶೆ ಔಷಧವೆಂಬ ಹೆಸರನ್ನು ಕಳಚಿಟ್ಟು ಆಹಾರದ ಬಾಗಿಲಿನಿಂದ ಒಳಗೆ ಬಂತು. ಆಹಾರದ ಕಾಯಿದೆಯಲ್ಲಿಯೂ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದ ವರೆಗೆ ದಂಡವಿದೆ, ಕೇಬಲ್ ಟೆಲಿವಿಷನ್ನಿನ 1994ರ ನಿಯಮಗಳಲ್ಲಿ ಸಿದ್ಧಪಡಿಸಲಾಗದ ಪವಾಡದ ಗುಣ ಹೇಳಕೂಡದೆಂದಿದೆ. ಬೇಲಿ ಹಾಕಿದ್ದಾರೆ, ಕಾಯುವವರು ಬೇಕಲ್ಲ.

ಕಾಯುವವರ ವಿಷಯಕ್ಕೆ ಬಂದರೆ, ಪತಂಜಲಿ ಸಂಸ್ಥೆಯ ಜಾಹೀರಾತುಗಳ ಮೇಲೆ ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಫೆಬ್ರವರಿಯಲ್ಲಿ ಕೋರ್ಟು ಅಂಥ ಜಾಹೀರಾತುಗಳನ್ನು ತಡೆಯಿತು, ಏಪ್ರಿಲ್‌ನಲ್ಲಿ ಸಂಸ್ಥೆ ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಿತು, ಆಗಸ್ಟಿನಲ್ಲಿ ನ್ಯಾಯಾಂಗ ನಿಂದನೆಯ ಪ್ರಕರಣ ಮುಕ್ತಾಯವಾಯಿತು. ಆ ನಡುವೆಯೇ ಕೇಂದ್ರ ಸರಕಾರ ಆಯುರ್ವೇದ ಔಷಧಗಳ ಜಾಹೀರಾತಿಗೆ ಮುಂಗಡ ಅನುಮತಿ ಕೇಳುತ್ತಿದ್ದ 2018ರ 170ನೆಯ ನಿಯಮವನ್ನು ತೆಗೆದುಹಾಕಿತು. ಕೋರ್ಟು ಅದಕ್ಕೆ ತಡೆ ಕೊಟ್ಟಿತ್ತು. 2025ರ ಆಗಸ್ಟಿನಲ್ಲಿ ಮೊಕದ್ದಮೆ ಮುಗಿದಾಗ ಆ ತಡೆಯೂ ಹೋಯಿತು. ಒಂದು ಸಂಸ್ಥೆಯ ಹೆಸರು ಬಂದಿತೆಂದು ಉಳಿದವರು ಸಾಚಾ ಎಂದು ತಿಳಿಯಬೇಕಾಗಿಲ್ಲ. ಆಯುರ್ವೇದವನ್ನು ದೂರುವುದೂ ನಮ್ಮ ಉದ್ದೇಶವಲ್ಲ. ಮಕ್ಕಳ ಹಾಲಿನ ಪುಡಿಯೊಂದರ 'ಎತ್ತರ, ಬಲ, ಚುರುಕು' ಎಂಬ ಜಾಹೀರಾತು ನಮ್ಮ ಮನೆಗಳಲ್ಲೆಲ್ಲ ಬಾಯಿಪಾಠವಾಗಿತ್ತು. ಹಾರ್ಲಿಕ್ಸ್‌ನ ಆ ಜಾಹೀರಾತು ಬ್ರಿಟನ್ನಿನಲ್ಲಿ ಕಾಣಿಸಿಕೊಂಡಾಗ, ಅಲ್ಲಿಯ ಜಾಹೀರಾತು ಪ್ರಾಧಿಕಾರ 2008ರಲ್ಲಿ ಸಾಕಷ್ಟು ಆಧಾರವಿಲ್ಲವೆಂದು ತಡೆಯಿತು. ಅದು ಬ್ರಿಟನ್ನಿನವರಿಗಾಗಿ ಮಾಡಿದ್ದಲ್ಲ ಎಂದು ಕಂಪೆನಿ ಹೇಳಿತು. ಹೌದು, ನಮಗಾಗಿ ಮಾಡಿದ್ದು! ಪರೀಕ್ಷೆಯ ತಿಂಗಳು ಬಂದರೆ ಇವುಗಳ ಸುಗ್ಗಿ. ಎಸ್.ಎಸ್.ಎಲ್.ಸಿ. ಕುಳಿತ ಮಗುವಿಗೆ ರಾತ್ರಿ ಏಳು ಗಂಟೆ ನಿದ್ದೆ ಕೊಡುವ ಬದಲು ಚಮಚದಲ್ಲಿ ಲೇಹ್ಯ ಕೊಡುವ ತಾಯಂದಿರು ನಮ್ಮಲ್ಲಿ ಎಷ್ಟಿಲ್ಲ.

ಈಗ ನಮ್ಮ ಬುಡಕ್ಕೆ ಬರೋಣ. ಪರರ ಸರಕಿಗೆ ಹಿಡಿದ ಕತ್ತಿಯನ್ನು ನಮ್ಮ ಸರಕಿಗೂ ಅದ್ದಬೇಕಷ್ಟೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಕೊಟ್ಟರೆ ಮನುಷ್ಯರು ಪದಗಳ ಪಟ್ಟಿಯನ್ನು ಬೇಗ ಕಲಿಯುತ್ತಾರೆಂದು 1978ರಲ್ಲಿ ಅಮೇರಿಕದ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟವಾಗಿದೆ. ಆಲ್ಜೈಮರ್ ರೋಗಿಗಳ ಮೇಲೂ ಆಮೇಲೆ ಪ್ರಯತ್ನಿಸಿದರು. ಪರಿಣಾಮ ಅಲ್ಪ, ಅದೂ ಸ್ವಲ್ಪ ಹೊತ್ತಿನದು, ಅಡ್ಡಪರಿಣಾಮಗಳೂ ಇದ್ದವು, ಔಷಧವಾಗಲಿಲ್ಲ. ಇದನ್ನು ಹಿಡಿದುಕೊಂಡು 'ಅಡಿಕೆ ತಿಂದರೆ ನೆನಪಿನ ಶಕ್ತಿ' ಎಂದು ಬರೆದುಕೊಟ್ಟರೆ ಸಂಘದ ಪತ್ರಿಕೆಯಲ್ಲಿ ಹಾಕಬಾರದೇಕೆ ಎಂದು ಕೆಲವು ಸದಸ್ಯರು ನಮ್ಮನ್ನು ಕೇಳಿದ್ದುಂಟು. ಹಾಕಲಿಲ್ಲ. ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆ ವರದಿಯ ಬಗ್ಗೆ ನಮ್ಮಲ್ಲಿ ಎಷ್ಟು ಅಸಮಾಧಾನವಿದ್ದರೂ, ಒಂದು ಸಂಶೋಧನೆಯನ್ನು ಎದೆಗೆ ಅಪ್ಪಿಕೊಂಡು ಇನ್ನೊಂದನ್ನು ಬಾವಿಗೆ ಎಸೆಯುವುದು ಶೀಶೆ ಮಾರುವವರ ಕ್ರಮವೇ ಆಗುತ್ತದೆ. ಕಾಫಿಯದೂ ಹಾಗೆಯೇ. ನಡುವಯಸ್ಸಿನಲ್ಲಿ ದಿನಕ್ಕೆ ಮೂರರಿಂದ ಐದು ಲೋಟ ಕಾಫಿ ಕುಡಿಯುತ್ತಿದ್ದವರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆ ಶೇಕಡಾ 65ರಷ್ಟು ಕಡಿಮೆ ಎಂದು 2009ರಲ್ಲಿ ಫಿನ್ಲೆಂಡಿನಿಂದ ವರದಿ ಬಂದಿತ್ತು. ಕೇಳಿ ನಮಗೂ ಹಿಗ್ಗಾಯಿತು. ಆದರೆ ಅದು ಕುಡಿಯುವವರನ್ನು ದೂರದಿಂದ ಗಮನಿಸಿದ ಲೆಕ್ಕ; ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ ಮಾಡಿದ ಪ್ರಯೋಗವಲ್ಲ. ಕಾಫಿ ರುಚಿಗಾಗಿ ಮಾರಾಟವಾಗಲಿ.

ಭಾವನ ವಿಷಯ ಅರ್ಧಕ್ಕೆ ನಿಂತಿತು. ನಮ್ಮ ಒತ್ತಾಯಕ್ಕೆ ಅಕ್ಕ ಅವರನ್ನು ಮಂಗಳೂರಿನ ಒಬ್ಬ ವೈದ್ಯರಲ್ಲಿಗೆ ಕರೆದುಕೊಂಡು ಹೋದಳು, ನಾವೂ ಜೊತೆಗಿದ್ದೆವು. ವೈದ್ಯರು ಶೀಶೆಯನ್ನು ನೋಡುವ ಮೊದಲು ಭಾವನ ಪಾದ ನೋಡಿದರು. "ಜೋಮು ಹಿಡಿದ ಹಾಗೆ ಆಗ್ತದಾ?" ಎಂದು ಕೇಳಿದರು. ಆಗುತ್ತಿತ್ತು, ವರ್ಷದಿಂದ, ಭಾವ ಯಾರಿಗೂ ಹೇಳಿರಲಿಲ್ಲ. ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷದಿಂದ ಮೆಟ್‌ಫಾರ್ಮಿನ್ ಗುಳಿಗೆ, ಮೇಲೆ ಶುದ್ಧ ಸಸ್ಯಾಹಾರ. ಈ ಗುಳಿಗೆಯನ್ನು ಬಹುಕಾಲ ತೆಗೆದುಕೊಳ್ಳುವವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟಂತೆ, ಅದರಿಂದ ಜೋಮೂ ಮರೆವೂ ಬರಬಹುದಂತೆ. ರಕ್ತ ಪರೀಕ್ಷೆಯಲ್ಲಿ ಹಾಗೆಯೇ ಕಂಡಿತು. ಅಕ್ಕ ಮೆಲ್ಲನೆ ಶೀಶೆಯನ್ನು ಮುಂದಿಟ್ಟು, "ಇದರಲ್ಲಿಯೂ ಬಿ12 ಉಂಟು ಅಂತ ಬರೆದಿದ್ದಾರಲ್ಲ ಡಾಕ್ಟ್ರೇ?" ಎಂದಳು. ಇತ್ತು. 1 ಮೈಕ್ರೋಗ್ರಾಂ. ಅವರು ಚುಚ್ಚಿದ ಇಂಜೆಕ್ಷನ್ 1,000 ಮೈಕ್ರೋಗ್ರಾಂ. ನೂರು ಲೀಟರು ನೀರಿಗೆ ಒಂದು ಕಿಲೋ ಬದಲು ಒಂದು ಗ್ರಾಂ ಮೈಲುತುತ್ತು ಹಾಕಿ ಮರಕ್ಕೆ ಬಿಟ್ಟ ಲೆಕ್ಕ. ಆ ಇಂಜೆಕ್ಷನಿನ ಬೆಲೆ ನಮ್ಮ ಜೇಬಿನ ಚಿಲ್ಲರೆಯಲ್ಲಿ ಮುಗಿಯಿತು.

ಭಾವ ಪೂರ್ತಿ ಮೊದಲಿನಂತಾದರು ಎಂದು ಬರೆಯಲಾರೆವು. ಹಾಗೆ ಬರೆದರೆ ನಾವೂ ಜಾಹೀರಾತು ಬರೆದಂತೆ. ನಾಲ್ಕು ತಿಂಗಳ ಮೇಲೆ ಈಗ ಜೋಮು ಇಳಿದಿದೆ, ಕೇಳಿದ್ದನ್ನು ಕೇಳುವುದು ಕಡಿಮೆಯಾಗಿದೆ. ಕೆಲವು ದಿನ ಮಂಕಾಗಿಯೇ ಇರುತ್ತಾರೆ. ಎಂಟು ತಿಂಗಳು ಮೊದಲೇ ಬಂದಿದ್ದರೆ ಇನ್ನಷ್ಟು ಹಿಂದಕ್ಕೆ ಪಡೆಯಬಹುದಿತ್ತೇ ಎಂದು ಅಕ್ಕ ಕೇಳಿದಾಗ ವೈದ್ಯರು ನೇರ ಉತ್ತರ ಕೊಡಲಿಲ್ಲ. ನರಗಳ ವಿಷಯದಲ್ಲಿ ತಡವಾದಷ್ಟೂ ಕಷ್ಟ ಎಂದಷ್ಟೇ ಹೇಳಿದರು. ಎಂಟು ಶೀಶೆಗಳಿಗೆ ಕೊಟ್ಟ ಹನ್ನೊಂದು ಸಾವಿರ ಚಿಲ್ಲರೆ ಹೋಗಲಿ. ಆ ಎಂಟು ತಿಂಗಳು ನಮ್ಮನ್ನು ಕಾಡುತ್ತಿದೆ.

ಬಿ12 ಒಂದೇ ಅಲ್ಲ. ಥೈರಾಯ್ಡ್ ಗ್ರಂಥಿ ನಿಧಾನವಾದರೂ ಮರೆವು ಬರುತ್ತದೆ. ಮನಸ್ಸಿನ ಖಿನ್ನತೆಯಿಂದ ಬರುತ್ತದೆ. ಸಾಲದ ಬಡ್ಡಿ ಲೆಕ್ಕ ಹಾಕುತ್ತ ರಾತ್ರಿ ಕಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿದ್ದೆಯ ಗುಳಿಗೆಗಳಿಂದ ಬರುತ್ತದೆ. ಕಿವಿ ಮಂದವಾಗಿ ಮಾತೇ ಕೇಳಿಸದಿದ್ದಾಗ ಮರೆವೆಂದು ಮನೆಯವರು ತಿಳಿಯುವುದುಂಟು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟಾದ ವಯಸ್ಸಾದವರಿಗೆ, ಕೆಲವು ವಾರಗಳ ಮೇಲೆ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸಂಗ್ರಹವಾಗಿ ಮಂಕು ಕವಿಯಬಹುದು. ಅದಕ್ಕೆ ಬೇಕಾದದ್ದು ಶಸ್ತ್ರಚಿಕಿತ್ಸಕರು, ಬ್ರಾಹ್ಮಿಯಲ್ಲ. ಇವೆಲ್ಲ ಹುಡುಕಿದರೆ ಸಿಗುವ, ಹಲವು ಸಲ ಸರಿಪಡಿಸಬಹುದಾದ ಕಾರಣಗಳು. ಹುಡುಕಿ ಏನೂ ಸಿಗದೆ ಇದು ಆಲ್ಜೈಮರ್ ಎಂದೇ ನಿಶ್ಚಯವಾದರೂ, ಮನೆಯವರಿಗೆ ಜಮೀನಿನ ಕಾಗದ, ಬ್ಯಾಂಕಿನ ಸಹಿ, ಮುಂದಿನ ಆರೈಕೆಗಳನ್ನು ಅವರು ಇನ್ನೂ ತಿಳಿದು ಮಾತಾಡಬಲ್ಲ ಹೊತ್ತಿನಲ್ಲಿ ಗೊತ್ತುಮಾಡಿಕೊಳ್ಳಲು ಸಮಯ ಸಿಗುತ್ತದೆ.

ಇನ್ನು ದೂರಿನ ವಿಷಯ. ಜಾಹೀರಾತು ಬಂದ ಚಾನೆಲಿನ ಹೆಸರು, ದಿನಾಂಕ, ಗಂಟೆ, ಸಾಧ್ಯವಾದರೆ ಮೊಬೈಲಿನಲ್ಲಿ ತೆಗೆದ ಚಿತ್ರ, ಶೀಶೆಯ ಚೀಟಿ ಮತ್ತು ಅಂಗಡಿಯ ಬಿಲ್ಲು, ಇಷ್ಟಿದ್ದರೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮರುಕಳಿಸಿದರೆ 50 ಲಕ್ಷದ ವರೆಗೆ ದಂಡ ಹಾಕಬಹುದು. ಮುಖ ತೋರಿಸಿದ ತಾರೆಯರನ್ನೂ ಜಾಹೀರಾತಿನಿಂದ ಒಂದು ವರ್ಷ ಹೊರಗಿಡಬಹುದು. ಬಿಲ್ಲು ಇಲ್ಲದೆ ಕೊಳ್ಳುವ ನಮ್ಮ ಅಭ್ಯಾಸವೇ ಇಲ್ಲಿ ಅಡ್ಡಿ. ಅಕ್ಕನ ಬಳಿ ಎಂಟು ಶೀಶೆಗಳಿಗೆ ಇದ್ದದ್ದು ಎರಡೇ ಬಿಲ್ಲು.

ಬರೆಯಲು ತೊಂದರೆಯಾಗುವ ಸದಸ್ಯರು ಚೀಟಿಯನ್ನೂ ಬಿಲ್ಲನ್ನೂ ಧಾರಣೆಯ ದಿನ ಸಂಘದ ಕಚೇರಿಗೆ ಬರುವಾಗ ಜೊತೆಗೆ ತಂದರೆ ಸಾಕು. ದೂರು ಬರೆದು ಕಳುಹಿಸುವ ಕೆಲಸವನ್ನು ನಾವು ವಹಿಸಿಕೊಂಡಿದ್ದೇವೆ. ಪಣಂಬೂರಿನ ಶೀಶೆಯ ಬಗ್ಗೆ ಕಳೆದ ವಾರವೇ ಒಂದು ದೂರು ಕಳುಹಿಸಿದ್ದಾಗಿದೆ. ಉತ್ತರ ಬಂದರೆ, ಬಾರದಿದ್ದರೂ, ಇದೇ ಪುಟದಲ್ಲಿ ತಿಳಿಸುತ್ತೇವೆ.